ದೊರೆಸಾನಿಯನ್ನು ಓಡಿಸಿದ್ದು

ಸತ್ತವರ ಬಗ್ಗೆ ಕೆಟ್ಟ ಮಾತು ಆಡಬಾರದು ಎನ್ನುತ್ತಾರೆ. ಹಾಗೆನ್ನುವವರು ಯಾರೂ ನಮ್ಮಜ್ಜಿಯ ಜೊತೆ ಒಂದು ವಾರ ಇದ್ದು ಬಂದವರಲ್ಲ. ನಾನು ಅವಳ ಕೈಕೆಳಗೆ ಬೆಳೆದವಳು, ನನಗೆ ಆಡುವ ಹಕ್ಕಿದೆ. ಹಾಗಂತ ಅವಳನ್ನು ಬೀದಿಗಿಳಿದು ಕೂಗಾಡುವ ಗಯ್ಯಾಳಿ ಎಂದುಕೊಳ್ಳಬೇಡಿ. ದಾವಣಗೆರೆಯ ಹಳೇ ಪೇಟೆಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಭಾರಿ ಗಂಭೀರದ ಹೆಂಗಸು, ಸೊಸೆಗೆ ಒಂದು ದಿನ ಬೈದದ್ದು ಕೇಳಿಲ್ಲ ಎನ್ನುತ್ತಿದ್ದರು. ಅದು ಸುಳ್ಳೂ ಅಲ್ಲ. ಅಜ್ಜಿ ನಮ್ಮವ್ವನಿಗೆ ಎಂದೂ ಬೈಯಲಿಲ್ಲ, ಒಲೆಗೆ ಬೈದಳು. ಸಾರು ಉಪ್ಪಾದರೆ ಉಪ್ಪಿನ ಗಡಿಗೆಗೆ ನಾಚಿಕೆ ಇಲ್ಲವೇ ಎಂದು ಕೇಳುತ್ತಿದ್ದಳು. ಅಪ್ಪ ಮಿಲ್ಲಿನ ಪಾಳಿ ಮುಗಿಸಿ ತಡವಾಗಿ ಬಂದರೆ ಬಾಗಿಲಿನ ಅಗಳಿಗೆ ಬುದ್ಧಿ ಹೇಳುತ್ತಿದ್ದಳು. ಇದರಲ್ಲಿ ಒಂದು ದೊಡ್ಡ ಅನುಕೂಲವಿತ್ತು. ಬೈಸಿಕೊಂಡವರು ತಿರುಗಿ ಉತ್ತರ ಕೊಡುವ ಹಾಗಿರಲಿಲ್ಲ. ಕೊಟ್ಟರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. 'ನಿನಗ್ಯಾರು ಹೇಳಿದರು ತಾಯೀ, ನಾನು ಒಲೆಗೆ ಹೇಳಿದ್ದು' ಎಂದುಬಿಟ್ಟರೆ ಮುಗಿಯಿತು, ಮರ್ಯಾದೆ ಹೋಗುವುದು ಉತ್ತರ ಕೊಟ್ಟವರದೇ. ಆ ಮನೆಯಲ್ಲಿ ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡು, ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಓಡಾಡುತ್ತಿದ್ದರು.

ಮನೆ ದೊಡ್ಡದೇ. ಮುಂದೆ ಕಂಬದ ಪಡಸಾಲೆ, ಅದರ ಹಿಂದೆ ಅಡಿಗೆಮನೆ, ಆಮೇಲೆ ಹಿತ್ತಲು. ಅಜ್ಜಿಯ ಜಾಗ ಮೊದಲನೇ ಕಂಬದ ಬುಡ. ಎಲೆಅಡಿಕೆಯ ತಟ್ಟೆ ಪಕ್ಕದಲ್ಲಿಟ್ಟುಕೊಂಡು ಅಲ್ಲಿ ಕೂತರೆ ಬೀದಿಬಾಗಿಲು, ಅಡಿಗೆಮನೆಯ ಒಲೆ, ಹಿತ್ತಲ ಬಾಗಿಲು ಮೂರೂ ಅವಳ ಕಣ್ಣಳತೆಗೆ ಸಿಗುತ್ತಿದ್ದವು. ಪಡಸಾಲೆಗೆ ಕೆಂಪು ಗಾರೆಯ ನೆಲ. ಶಾಮನೂರಿನ ಸಗಣಿ ಸಾರಿಸಿದ ಮನೆ ಬಿಟ್ಟು ಪೇಟೆಗೆ ಬಂದಾಗ ನಮ್ಮಜ್ಜ ಹಾಕಿಸಿದ್ದು. ಅಜ್ಜ ಹೋದ ಮೇಲೆ ಅಜ್ಜಿಗೆ ಆ ನೆಲವೇ ದೇವರಾಯಿತು. ಬೇರೆಯವರ ಮನೆಯ ನೆಲ ಗುಡಿಸಿ ಒರೆಸಿದರೆ ಸಾಕಾಗುತ್ತಿತ್ತು, ನಮ್ಮದಕ್ಕೆ ಅಷ್ಟು ಸಾಲದು. ಒಣಗಿದ ಮೇಲೆ ತೆಂಗಿನ ಗುಂಜಿಗೆ ಒಂಚೂರು ಎಣ್ಣೆ ಮುಟ್ಟಿಸಿ ಮಂಡಿಯೂರಿ ತಿಕ್ಕಬೇಕು. ತಿಕ್ಕಿದ ಮೇಲೆ ಬಗ್ಗಿ ನೋಡಿದರೆ ಮುಖ ಕಾಣಬೇಕು. ಬಂದ ನೆಂಟರು ನೆಲವನ್ನು ಹೊಗಳದೆ ನೀರು ಕುಡಿದರೆ ಅಜ್ಜಿ ಅವರ ಹೆಸರನ್ನು ಮತ್ತೆ ಎತ್ತುತ್ತಿರಲಿಲ್ಲ.

ನಮ್ಮ ಪಾರತ್ತೆ, ಅಂದರೆ ಅಪ್ಪನ ತಂಗಿ ಪಾರ್ವತಿ, ಗಂಡನ ಮನೆ ಬಿಟ್ಟು ಹರಿಹರದಿಂದ ರೈಲಿನಲ್ಲಿ ಒಬ್ಬಳೇ ಬಂದಿಳಿದದ್ದು ಈ ನೆಲದ ಮೇಲೆ. ಅವಳ ಒಂದು ಕೈಯಲ್ಲಿ ಅರಿವೆಯ ಗಂಟು, ಇನ್ನೊಂದರಲ್ಲಿ ಮುಚ್ಚಳದ ಬಿದಿರು ಬುಟ್ಟಿ. ಅವಳು ಬಗ್ಗಿ ಬುಟ್ಟಿ ಇಳಿಸುವಾಗ ಕೈಬಳೆಗಳು ಮೊಣಕೈಯಿಂದ ಮಣಿಕಟ್ಟಿಗೆ ಜರ್ರನೆ ಜಾರಿದವು. ಮದುವೆಯಲ್ಲಿ ಬಳೆಗಾರ ಸೋಪು ಹಚ್ಚಿ ಏರಿಸಿದ್ದ ಅಳತೆಯ ಬಳೆ ಹೀಗೆ ಜಾರಬೇಕಾದರೆ ಕೈ ಎಷ್ಟು ಸೊರಗಿರಬೇಕು ಎಂದು ಕೇಳುವವರು ಯಾರೂ ಇರಲಿಲ್ಲ. ಎಲ್ಲರೂ ನೋಡಿದ್ದು ಬುಟ್ಟಿಯನ್ನು. ಅದರಲ್ಲಿ ಒಂದು ಬಿಳಿ ಮೊಲ, ಒಂದು ಕಿವಿ ಮಾತ್ರ ಬೂದಿ ಬಣ್ಣ. ಹರಿಹರದ ಸಂತೆಯಲ್ಲಿ ಗಂಡ ಕೊಡಿಸಿದ್ದಂತೆ. ಆ ಮಹಾರಾಯ ಅವಳಿಗೆ ತಾನಾಗಿ ಕೊಡಿಸಿದ್ದು ಅದೊಂದೇ. ಅಜ್ಜಿ ಮೊಲವನ್ನು ನೋಡಿದಳು, ಮಗಳನ್ನು ನೋಡಿದಳು, ಮತ್ತೆ ಮೊಲವನ್ನು ನೋಡಿದಳು. ಅವಳಿಗೆ ಬೇಕಾದದ್ದು ಸಿಕ್ಕಿತು ಎಂದು ನನಗೆ ಆಗಲೇ ಗೊತ್ತಾಗಬೇಕಿತ್ತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ನಂಬಿದವಳು ಅವಳು. ಆದರೆ ಹೆತ್ತ ಮಗಳ ಮುಖಕ್ಕೆ ಎದ್ದು ಹೋಗು ಎಂದರೆ ಓಣಿಯ ಜನ ಆಡಿಕೊಳ್ಳುತ್ತಾರೆ. ಮೊಲಕ್ಕೆ ಹೇಳಿದರೆ ಯಾರು ಆಡಿಕೊಳ್ಳುತ್ತಾರೆ?

ಮೊಲಕ್ಕೆ ದೊರೆಸಾನಿ ಎಂದು ಹೆಸರಿಟ್ಟವಳು ಅಜ್ಜಿಯೇ. ಅಟ್ಟದ ಏಣಿಯ ಕೆಳಗಿನ ಮೂಲೆಯಲ್ಲಿ, ಅಜ್ಜಿಯ ಕಂಬಕ್ಕೆ ಸರಿಯಾಗಿ ಎದುರಿಗೆ, ಒಂದು ಹಳೇ ಮೊರದಲ್ಲಿ ಅದು ಕೂತಿರುತ್ತಿತ್ತು. ಕೂತಿರುತ್ತಿತ್ತು ಅಂದರೆ ಬರೀ ಕೂತಿರುತ್ತಿತ್ತು. ಊರಿನ ಎಲ್ಲ ಮೊಲಗಳು ಜಿಗಿಯುತ್ತವೆ, ಇದು ಬೆಳಿಗ್ಗೆ ಒಂದು ಮಗ್ಗುಲು, ಸಂಜೆ ಇನ್ನೊಂದು ಮಗ್ಗುಲು. ಹಿಂದಿನ ಓಣಿಯಲ್ಲಿ ಬೀಬಮ್ಮನವರ ಮಂಡಕ್ಕಿ ಭಟ್ಟಿ ಇತ್ತು. ಜರಡಿಯಲ್ಲಿ ಉಳಿದ ನುಚ್ಚು ಮಂಡಕ್ಕಿಯನ್ನು ಬೀಬಮ್ಮ ಓಣಿಯ ಹುಡುಗರಿಗೆ ಸೆರಗು ತುಂಬ, ಲಂಗ ತುಂಬ ಸುರಿಯುತ್ತಿದ್ದಳು. ಪಾರತ್ತೆ ಅದನ್ನೆಲ್ಲ ತಂದು ಮೊಲದ ಮುಂದೆ ರಾಶಿ ಹಾಕುತ್ತಿದ್ದಳು. ಹಾಕಿದ್ದು ತೀರುವ ಮೊದಲೇ ಮತ್ತೆ ಹಾಕುತ್ತಿದ್ದಳು. ಮಂಡಕ್ಕಿ ಊರಿನಲ್ಲಿ ಬೆಳೆದ ನಮಗೆ ಅದು ತಪ್ಪೆಂದು ಯಾಕೆ ಅನ್ನಿಸಬೇಕು? ಕೂಸಿಗೂ ಮಂಡಕ್ಕಿ, ಮುದುಕರಿಗೂ ಮಂಡಕ್ಕಿ, ಜ್ವರ ಬಿಟ್ಟವರಿಗೂ ಮಂಡಕ್ಕಿ. ಮೊಲಕ್ಕೂ ಮಂಡಕ್ಕಿ. ಹೊಟ್ಟೆ ಎರಡೂ ಕಡೆ ಹರಡಿ ಮೊರದ ಅಂಚಿಗೆ ತಾಗಿತು. ಉಗುರು ಬೆಳೆದು ಕೊಕ್ಕೆಯಾದವು. ತನ್ನ ಹಿಂಭಾಗವನ್ನು ತಾನೇ ನೆಕ್ಕಿ ಚೊಕ್ಕ ಮಾಡಿಕೊಳ್ಳಲು ಆಗದೆ ಕೂದಲು ಗಂಟುಗಟ್ಟಿತು. ಪಾರತ್ತೆ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು.

ಅಷ್ಟು ಹೊತ್ತಿಗೆ ಪಾರತ್ತೆಯ ದಿನಚರಿ ಗಟ್ಟಿಯಾಗಿತ್ತು. ಬೆಳಗಿನ ಮಿಲ್ಲಿನ ಕೂಗಿಗೆ ಎದ್ದು ಗುಡಿಸುವುದು, ನೀರು ಹೊರುವುದು, ಆಮೇಲೆ ಗುಂಜು ಹಿಡಿದು ನೆಲ ತಿಕ್ಕುವುದು. ಅವಳು ಮಂಡಿಯ ಮೇಲೆ ಪಡಸಾಲೆಯ ಈ ತುದಿಯಿಂದ ಆ ತುದಿಗೆ ತಿಕ್ಕುತ್ತಾ ಹೋಗುವಾಗ ಅಜ್ಜಿ ಅವಳ ತಲೆಯ ಮೇಲಿಂದ ಮೂಲೆಯ ಮೊಲವನ್ನು ನೋಡುತ್ತಾ, ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು ಎಂದು ಶುರು ಮಾಡುತ್ತಿದ್ದಳು. ಬೆವರು ಸುರಿಸಿ ತಿಕ್ಕುವವಳನ್ನು ಎದುರಿಗೆ ಇಟ್ಟುಕೊಂಡು ಸೋಮಾರಿ ಎನ್ನಲು ಎಂಥ ಎದೆ ಬೇಕು ನೀವೇ ಹೇಳಿ. ಆದರೆ ಅತ್ಯಂತ ಕೆಟ್ಟದ್ದು ಊಟದ ಹೊತ್ತು. ನಮ್ಮ ಮನೆಯಲ್ಲಿ ರೊಟ್ಟಿ ಬುಟ್ಟಿ ಅಜ್ಜಿಯ ಪಕ್ಕದಲ್ಲಿರುತ್ತಿತ್ತು, ಅವಳೇ ಎತ್ತಿ ಹಾಕಬೇಕು. ಪಾರತ್ತೆ ಎಲ್ಲರ ಊಟವಾದ ಮೇಲೆ ಕೂರುತ್ತಿದ್ದಳು. ಒಂದು ರೊಟ್ಟಿ ಮುಗಿಸಿ ಅವಳ ಕೈ ತಟ್ಟೆಯ ಅಂಚಿನಲ್ಲಿ ಒಂದು ಗಳಿಗೆ ನಿಂತರೆ ಸಾಕು, ಅಜ್ಜಿ ಮೂಲೆಗೆ ತಿರುಗುತ್ತಿದ್ದಳು.

"ಇನ್ನಾ ಬೇಕೇನು ದೊರೆಸಾನಿ? ಹೊಟ್ಟೆ ನೆಲಕ್ಕ ತಾಗೈತೆ, ಆದ್ರೂ ಆಸೆ ಹೋಗಿಲ್ಲ ನೋಡು."

ಪಾರತ್ತೆಯ ಕೈ ಹಿಂದೆ ಬರುತ್ತಿತ್ತು. ಅವಳು ತಟ್ಟೆಯಲ್ಲೇ ಕೈ ತೊಳೆದು ಏಳುತ್ತಿದ್ದಳು. ನಮ್ಮವ್ವ ಒಲೆಯ ಬೂದಿ ಕೆದಕುತ್ತಿದ್ದಳು, ಅಪ್ಪ ಬೀಡಿ ಹುಡುಕಿಕೊಂಡು ಹೊರಗೆ ಹೋಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ದಸರೆ ಮುಗಿದ ಮೇಲೆ ಹರಿಹರದಿಂದ ಬೀಗತಿ, ಅಂದರೆ ಪಾರತ್ತೆಯ ಅತ್ತೆ, ಹೇಳಿಕಳಿಸಿದಳು: ದೀಪಾವಳಿ ಕಳೆದ ಮೇಲೆ ಮಗನ ಜೊತೆ ಬಂದು ಸೊಸೆಯನ್ನು ಕರೆದುಕೊಂಡು ಹೋಗುತ್ತೇನೆ. ಅಜ್ಜಿ ಯಾರನ್ನೂ ಕೇಳದೆ ಬರಲಿ ಎಂದಳು. ಆ ರಾತ್ರಿ ಪಾರತ್ತೆ ನನ್ನ ಪಕ್ಕದಲ್ಲಿ ಮಲಗಿದ್ದವಳು ಗಾಳಿಗಿಟ್ಟ ದೀಪದ ಹಾಗೆ ನಡುಗುತ್ತಿದ್ದಳು. ಏನಾಯಿತು ಎಂದು ಕೇಳಿದರೆ ಚಳಿ ಎಂದಳು. ದಾವಣಗೆರೆಯಲ್ಲಿ ಆ ಕಾಲಕ್ಕೆ ಎಲ್ಲಿಯ ಚಳಿ? ಅವಳು ಹೋಗಬಾರದು ಎಂದು ನಾನು ಅಲ್ಲೇ ಗಟ್ಟಿ ಮಾಡಿಕೊಂಡೆ. ಅಜ್ಜಿಯ ಬಾಯಿ ಮುಚ್ಚಿಸಲು ನನ್ನಿಂದ ಆಗದು, ಅಪ್ಪನಿಂದಲೇ ಆಗಿರಲಿಲ್ಲ. ಆದರೆ ಅವಳ ಕೈಯ ಕೋಲು ಕಿತ್ತುಕೊಳ್ಳಬಹುದಲ್ಲ. ಆ ಕೋಲು ಮೊಲದ ಸೋಮಾರಿತನ. ಮೊಲ ಓಡಿದರೆ ಅಜ್ಜಿ ಯಾರನ್ನು ಸೋಮಾರಿ ಎಂದು ಕರೆಯುತ್ತಾಳೆ ನೋಡೇಬಿಡೋಣ ಎಂದುಕೊಂಡೆ. ಮೊಲದ ಮೇಲೆ ಪ್ರೀತಿಯಿಂದ ಶುರು ಮಾಡಿದ್ದಲ್ಲ ಅದು, ಅಜ್ಜಿಯ ಮೇಲಿನ ಹಗೆಯಿಂದ. ಹಗೆಯಿಂದಲೂ ಕೆಲವು ಒಳ್ಳೇ ಕೆಲಸ ಆಗುತ್ತವೆ.

ಮೊದಲು ಪೊರಕೆ ಹಿಡಿದು ಓಡಿಸಲು ಹೋದೆ, ನಮ್ಮ ಮನೆಯ ವಿದ್ಯೆ ಅದೇ ತಾನೇ. ದೊರೆಸಾನಿ ಹಿಂಗಾಲಿನಿಂದ ನೆಲವನ್ನು ದಡ್ಡನೆ ಗುದ್ದಿ, ತೆವಳಿಕೊಂಡು ಜೋಳ ತುಂಬಿಡುವ ಮಣ್ಣಿನ ವಾಡೆಯ ಸಂದಿಗೆ ಸೇರಿತು. ಕತ್ತಲಾದರೂ ಹೊರಗೆ ಬರಲಿಲ್ಲ, ತಿನ್ನಲಿಲ್ಲ. ಪಾರತ್ತೆ ವಾಡೆಯ ಮುಂದೆ ನೆಲಕ್ಕೆ ಕೆನ್ನೆಯಿಟ್ಟು ಮಲಗಿ ಕರೆಯುತ್ತಲೇ ಇದ್ದಳು. ಎದ್ದ ಮೇಲೆ ನನ್ನನ್ನು ಹಿಡಿದು ಎರಡು ಬಿಟ್ಟಳು. ಹೊಡೆಯುವುದಾದರೂ ನೇರವಾಗಿ ನನಗೇ ಹೊಡೆದಳಲ್ಲ ಎಂದು ನನಗೆ ಒಂದು ಥರಾ ಸಮಾಧಾನವಾಯಿತು. ಆಮೇಲೆ ಮೊಲದ ಮಂಡಕ್ಕಿ ನಿಲ್ಲಿಸಲು ಹೋದೆ. ಹಿತ್ತಲಲ್ಲಿ ಗರಿಕೆ ಬೇಕಾದಷ್ಟು ಇತ್ತು, ಬರೀ ಹುಲ್ಲು ಹಾಕೋಣ, ಮಂಡಕ್ಕಿ ಬೇಕಾದರೆ ಒಂದು ಹಿಡಿ ಸಾಕು ಎಂದು ಹೇಳಿ, ರಾಶಿಯಿಂದ ಒಂದು ಹಿಡಿ ಎತ್ತಿಟ್ಟು ಉಳಿದದ್ದನ್ನು ಲಂಗದೊಳಗೆ ಬಾಚಿಕೊಂಡೆ. ಪಾರತ್ತೆ ನನ್ನ ಕೈ ಹಿಡಿದುಕೊಂಡಳು. ಅವಳ ಮುಖ ಅಷ್ಟು ಕೆಂಪಾದದ್ದು ನಾನು ನೋಡಿರಲಿಲ್ಲ.

"ಇದಕ್ಕೂ ಅಳತಿ ಮಾಡಿ ಹಾಕಬೇಕೇನೆ? ನಂಗೆ ಹಾಕಿದ್ದು ಸಾಲದೇನು?"

ಆಮೇಲೆ ಅವಳು ತಾನಾಗಿಯೇ ಹೇಳಿದಳು, ನನಗಲ್ಲ, ಮಡಿಲಲ್ಲಿದ್ದ ಮೊಲದ ಬೆನ್ನು ಸವರುತ್ತಾ ಹೇಳಿದಳು. ಹರಿಹರದ ಆ ಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿಗೆ ಬೀಗವಂತೆ. ಬೀಗತಿ ರೊಟ್ಟಿ ತಟ್ಟುವ ಮೊದಲು ಹಿಟ್ಟು ಅಳೆದು ಕೊಡುತ್ತಿದ್ದಳಂತೆ, ಅಳತೆಯಲ್ಲಿ ಸೊಸೆಯ ಪಾಲು ಇರುತ್ತಿರಲಿಲ್ಲವಂತೆ. ಯಾರಾದರೂ ಉಳಿಸಿದರೆ ಉಂಟು, ಇಲ್ಲವಾದರೆ ಅಂಬಲಿ. ಗಂಡ ಪಕ್ಕದಲ್ಲೇ ಕೂತು ಉಂಡು ಏಳುತ್ತಿದ್ದನಂತೆ. ಎರಡನೇ ರೊಟ್ಟಿ ಕೇಳಿದ ದಿನ ಬೀಗತಿ ನೆರೆಮನೆಯವರನ್ನು ಕರೆದು, ನಮ್ಮ ಸೊಸೆಯ ಹೊಟ್ಟೆ ನೋಡಬರ್ರಿ ಎಂದಿದ್ದಳಂತೆ. ನನ್ನ ಕಣ್ಣ ಮುಂದೆ ಇರೋ ಒಂದು ಜೀವಕ್ಕಾದರೂ ಸಾಕು ಅಂತ ಯಾರೂ ಹೇಳಬಾರದು ಎಂದು ಅಂದುಕೊಂಡಿದ್ದೆ ಎಂದಳು. ನಾನು ಲಂಗದ ಮಂಡಕ್ಕಿಯನ್ನು ಅಲ್ಲೇ ಸುರಿದುಬಿಟ್ಟೆ. ಹಾಗಂತ ಮೊಲ ಮಂಡಕ್ಕಿ ತಿಂದು ಸಾಯಲಿ ಎಂದು ಬಿಡಲೂ ಆಗಲಿಲ್ಲ. ಅದು ಉಸಿರಾಡುವಾಗ ಹೊಟ್ಟೆ ಕುಲುಮೆಯ ತಿದಿಯ ಹಾಗೆ ಏಳುತ್ತಿತ್ತು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಹೀಗೇ ಬಿಟ್ಟರೆ ಹೊಟ್ಟೆ ಒಡೆದು ಸಾಯುತ್ತೆ ಅತ್ತೆ ಎಂದೆ. ಅವಳು ಅತ್ತಳು. ಹುಲ್ಲು ಅಳೆಯುವುದು ಬೇಡ, ಹಿತ್ತಲು ತುಂಬ ಐತೆ, ಹೊರೆಗಟ್ಟಲೆ ಹಾಕೋಣ ಎಂದೆ. ಅದಕ್ಕೆ ಒಪ್ಪಿದಳು.

ಹುಲ್ಲು ತಿಂದ ಮೊಲದ ಹೊಟ್ಟೆ ಸ್ವಲ್ಪ ಇಳಿಯಿತು, ಆದರೆ ಜಾಗ ಬಿಟ್ಟು ಏಳಲಿಲ್ಲ. ಎಮ್ಮೆಕರುವನ್ನು ಎಳೆಯುವ ಹಾಗೆ ಅದರ ಕೊರಳಿಗೆ ಮೆತ್ತನೆಯ ಅರಿವೆಯ ಪಟ್ಟಿ ಕಟ್ಟಿ ಎಳೆದು ನೋಡಿದೆ. ಅದು ಏಳಲೇ ಇಲ್ಲ, ಕೂತ ಭಂಗಿಯಲ್ಲೇ ಸರ್ರನೆ ಜಾರಿಕೊಂಡು ನನ್ನ ಹಿಂದೆ ಬಂತು. ಪಡಸಾಲೆಯ ಈ ಕಂಬದಿಂದ ಆ ಕಂಬದವರೆಗೆ ಪಲ್ಲಕ್ಕಿಯಲ್ಲಿ ಕೂತ ಹಾಗೆ ಬಂತು. ಅಜ್ಜಿಗೆ ನಗು ತಡೆಯಲಾಗಲಿಲ್ಲ, ದೊರೆಸಾನಿಗೆ ಕಾಲೂ ಬ್ಯಾಡಾದವು, ಎಳೆಯೋಕೂ ಆಳು ಬೇಕು ಎಂದು ಓಣಿಗೆ ಕೇಳುವಂತೆ ಹೇಳಿದಳು. ನನಗೆ ಅಳು ಬಂತು. ಪಟ್ಟಿ ಬಿಚ್ಚಿ ಎಸೆದು, ಮೊಲದಿಂದ ದೂರ ಒಂದು ಸಿವುಡು ಮೆಂತ್ಯದ ಸೊಪ್ಪು ಇಟ್ಟು, ಬಾ ಬೇಕಾದರೆ ಎಂದು ಹಟ ಹಿಡಿದು ಕೂತೆ. ಮೆಂತ್ಯದ ವಾಸನೆಗೆ ದೊರೆಸಾನಿಯ ಮೂಗು ಅಲ್ಲಾಡಿತು. ಎದ್ದಿತು. ಒಂದು ಜಿಗಿತ ಜಿಗಿಯಿತು. ಹಿಂಗಾಲುಗಳೆರಡೂ ಎರಡು ದಿಕ್ಕಿಗೆ ಸೀಳಿಕೊಂಡು ಹೊಟ್ಟೆ ಅಡಿಯಾಗಿ ಬಿತ್ತು. ಮತ್ತೆ ಎದ್ದು ಮತ್ತೆ ಬಿತ್ತು. ಆಮೇಲೆ ಕಿವಿ ಹಿಂದಕ್ಕೆ ಮಡಚಿ ಅಲ್ಲೇ ಕೂತುಬಿಟ್ಟಿತು. ಗುಂಜು ಹಿಡಿದು ನೆಲ ತಿಕ್ಕುತ್ತಿದ್ದ ಪಾರತ್ತೆ ಕೈ ನಿಲ್ಲಿಸಿ ನೋಡಿದಳು. ಬಂದು ಮೊಲವನ್ನು ಎತ್ತಿ ಅದರ ಪಾದ ತಿರುವಿ ನೋಡಿದಳು. ನಾಯಿ ಬೆಕ್ಕುಗಳ ಹಾಗೆ ಅಂಗಾಲಿಲ್ಲ, ಬರೀ ಕೂದಲು, ರೇಷ್ಮೆಯಂಥ ಕೂದಲು. ತನ್ನ ಕೈಯ ಗುಂಜನ್ನು ನೋಡಿದಳು.

"ಇದು ಸೋಮಾರಿ ಅಲ್ಲ ಗಿರಿಜಿ. ಇದಕ್ಕ ಕಾಲು ನಿಲ್ಲಾಕ ಈ ಮನ್ಯಾಗ ಜಾಗ ಇಲ್ಲ."

ಮರುದಿನ ಬೀಬಮ್ಮನ ಭಟ್ಟಿಗೆ ಹೋಗಿ ಹರಿದ ಗೋಣಿಚೀಲ ಕೇಳಿದೆ. ಯಾಕೆಂದು ಕೇಳಿದಳು, ಹೇಳಿದೆ. ಬೀಬಮ್ಮ ಬಿದ್ದು ಬಿದ್ದು ನಕ್ಕು, ನಿಮ್ಮಜ್ಜಿಯ ನೆಲದ ಮೇಲೆ ಮನುಷ್ಯರೇ ನಿಲ್ಲುವುದಿಲ್ಲ, ಮೊಲ ಏನು ನಿಂತೀತು ಎಂದು ಹೇಳಿ ಹೊರಲಾರದಷ್ಟು ಚೀಲ ಕೊಟ್ಟಳು. ಪಾರತ್ತೆಯೂ ನಾನೂ ಹೊಲಿಗೆ ಬಿಚ್ಚಿ, ತುದಿಗೆ ತುದಿ ಸೇರಿಸಿ ಹೊಲಿದು, ಏಣಿಯ ಮೂಲೆಯಿಂದ ಪಡಸಾಲೆಯ ಉದ್ದಕ್ಕೂ, ಅಲ್ಲಿಂದ ಹಿತ್ತಲ ಬಾಗಿಲವರೆಗೆ ಹಾದಿಯ ಹಾಗೆ ಹಾಸಿದೆವು. ಮಂಡಕ್ಕಿಯನ್ನು ರಾಶಿ ಹಾಕದೆ ಹಾದಿಯುದ್ದಕ್ಕೂ ಅಲ್ಲೊಂದು ಇಲ್ಲೊಂದು ಕಾಳು ಚೆಲ್ಲಿದೆವು. ಪಾರತ್ತೆ ಉಗುರು ಕತ್ತರಿಸಿದಳು. ಮಟಮಟ ಮಧ್ಯಾಹ್ನ ನಾನು ಎಷ್ಟು ಕರೆದರೂ ಅದು ಕಣ್ಣು ತೆರೆಯಲಿಲ್ಲ. ಸಂಜೆ, ದೀಪ ಹಚ್ಚುವ ಹೊತ್ತಿಗೆ, ತಾನಾಗಿ ಎದ್ದಿತು. ಗೋಣಿಯ ಮೇಲೆ ಒಂದು ಕಾಲಿಟ್ಟು ನೋಡಿತು, ಇನ್ನೊಂದಿಟ್ಟಿತು. ಒಂದು ಕಾಳು ತಿಂದು ಮುಂದಿನದಕ್ಕೆ ಹೋಯಿತು. ಒಂದು ವಾರ ಹೀಗೆ ನಡೆದಾಡಿದ ದೊರೆಸಾನಿ ಒಂದು ಸಂಜೆ ಇದ್ದಕ್ಕಿದ್ದಂತೆ ಗಾಳಿಯಲ್ಲೇ ಮೈ ತಿರುಚಿ ಜಿಗಿದು, ಹಿತ್ತಲವರೆಗೆ ಓಡಿ, ತಿರುಗಿ ಮೂಲೆಗೆ ಓಡಿಬಂತು. ಪಾರತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಹರಿಹರದಿಂದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು, ನಾನು ಕುಣಿದಾಡಿಬಿಟ್ಟೆ.

ಅಜ್ಜಿಗೆ ತಲೆ ಕೆಟ್ಟಿತು. ಓಡುವ ಮೊಲಕ್ಕೆ ಸೋಮಾರಿ ಎಂದು ಒಂದೆರಡು ದಿನ ಹೇಳಿ ನೋಡಿದಳು, ಅದು ಅವಳ ಮಾತಿನ ನಡುವೆಯೇ ಎದುರಿಗೆ ಹಾದು ಹೋಗುತ್ತಿತ್ತು. ಅಪ್ಪನಿಗೆ ತುತ್ತು ಗಂಟಲಿಗೆ ಸಿಕ್ಕುವಷ್ಟು ನಗು ಬಂತು. ಬೀಸುಕಲ್ಲಿನ ಕಡೆ ತಿರುಗಿದಳು, ಆದರೆ ಬೀಸುಕಲ್ಲು ಕೂತರೂ ಹಿಟ್ಟು ಕೊಡುತ್ತದೆ, ಅದಕ್ಕೆ ಕೂತು ತಿನ್ನುತ್ತೀಯ ಎನ್ನಲು ಬರುವುದಿಲ್ಲ. ಕೊನೆಗೆ ಗೋಣಿಗಳಿಗೇ ಗಂಟುಬಿದ್ದು, ಭಿಕಾರಿಗಳ ಹಾಗೆ ಬಿದ್ದುಕೊಂಡಿದ್ದೀರಿ, ಎದ್ದು ಹೋಗಿ ಎಂದಳು. ಆಗ ನಮ್ಮವ್ವ, ಜನ್ಮದಲ್ಲಿ ಎದುರು ಮಾತಾಡದ ನಮ್ಮವ್ವ, ಒಲೆಯ ಮುಂದಿನಿಂದಲೇ ನೆಲ ಸವೆಯಬಾರದೆಂದು ಹಾಸಿದ್ದು, ಮಾವನವರು ಹಾಕಿಸಿದ ನೆಲ ಅಲ್ಲವೇ ಎಂದು ತಣ್ಣಗೆ ಹೇಳಿದಳು. ಗೋಣಿಗಳು ಅಲ್ಲೇ ಉಳಿದವು. ಪಾರತ್ತೆಯ ಊಟದ ಹೊತ್ತಿಗೆ ಅಜ್ಜಿ ಮೂಲೆ ನೋಡುವಳು, ಖಾಲಿ ಮೊರ ನೋಡಿ ಸುಮ್ಮನಾಗುವಳು. ಆದರೂ ರೊಟ್ಟಿ ಬುಟ್ಟಿ ಅವಳ ಪಕ್ಕದಲ್ಲೇ ಇತ್ತು, ಪಾರತ್ತೆ ಕೇಳುತ್ತಿರಲಿಲ್ಲ, ಅವಳು ಹಾಕುತ್ತಿರಲಿಲ್ಲ. ಬೀಗರು ಬರುವುದೂ ನಿಂತಿರಲಿಲ್ಲ.

ದೀಪಾವಳಿ ಕಳೆದು ಅವರು ಬರುವ ದಿನ ಅಜ್ಜಿ ಬೆಳಿಗ್ಗೆಯೇ ಎದ್ದು ಗೋಣಿಗಳನ್ನೆಲ್ಲ ಸುತ್ತಿಸಿ ಹಿತ್ತಲಿಗೆ ಹಾಕಿಸಿದಳು. ನೆಂಟರು ಬರುವ ಮನೆಯಲ್ಲಿ ಮಂಡಕ್ಕಿ ಚೀಲ ಯಾರಾದರೂ ಹಾಸುತ್ತಾರೆಯೇ ಎಂದಳು. ನೆಲವನ್ನು ಇನ್ನೊಂದು ಸಲ ತಿಕ್ಕು ಎಂದು ಗುಂಜಿಗೆ ಹೇಳಿ ಪಾರತ್ತೆಗೆ ಕೇಳಿಸಿದಳು. ನನಗೆ ಅವಳ ಲೆಕ್ಕ ತಿಳಿಯಿತು. ಗೋಣಿ ಇಲ್ಲದಿದ್ದರೆ ಮೊಲ ಮೂಲೆ ಬಿಡುವುದಿಲ್ಲ, ಮೊಲ ಮೂಲೆಯಲ್ಲಿದ್ದರೆ ಅಜ್ಜಿಗೆ ಮಾತಾಡಲು ಬಾಯಿ ಬರುತ್ತದೆ. ನಾನು ಅವಳನ್ನೇ ದುರುಗುಟ್ಟಿ ನೋಡಿದೆ. ಅವಳು ನನ್ನನ್ನು ನೋಡಿ ಎಲೆಗೆ ಸುಣ್ಣ ಹಚ್ಚಿದಳು. ಮಧ್ಯಾಹ್ನದ ಗಾಡಿಗೆ ಬಂದ ಬೀಗತಿ ದಪ್ಪನೆಯ, ಬೆಳ್ಳನೆಯ ಹೆಂಗಸು, ಸೊಂಟದ ಡಾಬು ಸೀರೆಯ ಮೇಲೆ ಕಾಣುವ ಹಾಗೆ ಕಟ್ಟಿದ್ದಳು. ಅವಳ ಮಗ ಕಂಬದ ಮರೆಗೆ ಕೂತು ತನ್ನ ಟೋಪಿಯನ್ನು ತಿರುಗಿಸುತ್ತಿದ್ದ. ಬೀಗತಿ ಕೂತವಳೇ ನೆಲವನ್ನು ಹೊಗಳಿದಳು, ಅಜ್ಜಿಯ ಮುಖ ಅರಳಿತು. ಉಂಡರು, ಅಡ್ಡಾದರು, ಸಂಜೆಯಾಯಿತು, ಹೊರಡುವ ಮಾತು ಬಂತು. ಪಾರತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಬೀದಿಬಾಗಿಲಲ್ಲಿದ್ದ. ಅಜ್ಜಿ ಗಂಟಲು ಸರಿಮಾಡಿಕೊಂಡು ಮೂಲೆಗೆ ತಿರುಗಿದಳು. ದೊರೆಸಾನಿ ಮೊರದಲ್ಲಿ ಕಿವಿ ನಿಮಿರಿಸಿ ಕೂತಿತ್ತು.

"ಬಂದಾರ ನೋಡು ದೊರೆಸಾನಿ. ಎಷ್ಟು ದಿನಾಂತ ಕೂತು ತಿಂತೀಯ? ಯಾರಿಗೆ ಎಲ್ಲಿ ಋಣ ಐತೋ ಅಲ್ಲೇ..."

ಅಷ್ಟರಲ್ಲಿ ನಾನು ಹಿತ್ತಲಿಗೆ ಓಡಿದ್ದೆ. ಗೋಣಿಯ ಸುರುಳಿಯನ್ನು ಎಳೆದು ತಂದು ಏಣಿಯ ಮೂಲೆಯಲ್ಲಿ ಇಟ್ಟು ಒದ್ದೆ. ಅದು ಬೀಗತಿಯ ಕಾಲ ಮುಂದೆ, ಅವಳ ಮಗನ ಟೋಪಿಯ ಮುಂದೆ, ಹೊಳೆಯುವ ಕೆಂಪು ನೆಲದ ಮೇಲೆ ಧೂಳೆಬ್ಬಿಸುತ್ತಾ ಬಿಚ್ಚಿಕೊಂಡು ಹೋಯಿತು. ಬೀಗತಿ ಸೀರೆ ಎತ್ತಿಕೊಂಡಳು. ದೀಪ ಹಚ್ಚುವ ಹೊತ್ತು, ದೊರೆಸಾನಿಯ ಹೊತ್ತು. ಅದು ಮೊರದಿಂದ ನೆಗೆದು ಗೋಣಿಯ ಮೇಲೆ ಬಾಣದ ಹಾಗೆ ಓಡಿ ಹಿತ್ತಲ ಬಾಗಿಲು ದಾಟಿ ಮಾಯವಾಯಿತು. ಅಜ್ಜಿ ಬಾಯಿ ತೆರೆದುಕೊಂಡು ಖಾಲಿ ಮೊರವನ್ನು ನೋಡುತ್ತಾ ಉಳಿದಳು. ಬೀಗತಿಗೆ ನಮ್ಮ ಮನೆಯ ರಿವಾಜು ಗೊತ್ತಿಲ್ಲ, ಅವಳ ಮನೆಯಲ್ಲಿ ಎಲ್ಲವನ್ನೂ ಮುಖಕ್ಕೇ ಹೇಳುತ್ತಿದ್ದರು. ಯಾರಿಗೆ ಹೇಳುತ್ತಿದ್ದೀರಿ, ಹೇಳುವವರಿಗೆ ಹೇಳಿ, ಗಾಡಿಗೆ ಹೊತ್ತಾಯಿತು ಎಂದು ಬಿರುಸಾಗಿ ಹೇಳಿದಳು. ಅಜ್ಜಿ ಒಲೆಯ ಕಡೆ ನೋಡಿದಳು, ಕಂಬದ ಕಡೆ ನೋಡಿದಳು. ಎಲ್ಲರೂ ಕಾಯುತ್ತಿದ್ದರು. ಬೇರೆ ದಾರಿಯೇ ಇಲ್ಲದೆ ಮಗಳ ಕಡೆ ತಿರುಗಿದಳು.

"ಪಾರೂ, ಅರಿವೆ ಕಟ್ಟಿಕೋ. ಹೊರಡು."

ಪಾರತ್ತೆ ಹೊಸಿಲು ದಾಟಿ ಪಡಸಾಲೆಗೆ ಬಂದಳು. ಕೈಯಲ್ಲಿ ಗುಂಜು ಹಾಗೇ ಇತ್ತು.

"ನಂಗೆ ಹೇಳಿದ್ಯೇನವ್ವಾ?"

"ನಿಂಗಲ್ದೆ ಮತ್ಯಾರಿಗೆ?"

"ಹಂಗಾದ್ರೆ ಕೇಳು. ಇಷ್ಟು ದಿನ ಮೊಲಕ್ಕ ಹೇಳ್ದಿ, ನಾ ಸುಮ್ಮನಿದ್ದೆ. ಈಗ ನಂಗೆ ಹೇಳೀಯ, ಅದ್ಕೆ ನಾ ಹೇಳ್ತೀನಿ. ನಾ ಹೋಗಲ್ಲ. ಅಲ್ಲಿ ಹಿಟ್ಟಿಗೆ ಬೀಗ ಹಾಕಿ ಅಳದು ಹಾಕ್ತಾರ, ಇಲ್ಲಿ ನೀ ಮುಖ ನೋಡಿ ಅಳದು ಹಾಕ್ತೀಯ. ಎರಡೂ ಒಂದೇ ಅಳತಿ. ಆದ್ರೆ ಇದು ನಮ್ಮಪ್ಪ ಹಾಕ್ಸಿದ ನೆಲ, ದಿನಾ ತಿಕ್ಕಾಕಿ ನಾನು. ನಾ ಇಲ್ಲೇ ಇರ್ತೀನಿ."

ಬೀಗತಿ ಎದ್ದಳು. ನಮ್ಮ ಮನೆಯಲ್ಲಿ ಜೋಳಕ್ಕೆ ಬರ ಬಂದಿದೆಯೇ, ಹೊಟ್ಟೆಬಾಕ ಹೆಣ್ಣನ್ನು ತಂದು ಕಟ್ಟಿದವರು ನೀವು, ಇವಳನ್ನು ಸಾಕುವ ಗಂಡಸು ಹರಿಹರದಲ್ಲೇನು ಈ ಭೂಮಿಯ ಮೇಲೇ ಹುಟ್ಟಿಲ್ಲ ಎಂದು ಒದರಿದಳು. ನಾನು ಇಲ್ಲಿ ಹೇಳಬಾರದ ಮಾತುಗಳೂ ಬಂದವು. ಅಜ್ಜಿ ಮಗಳ ಪರ ನಿಂತಳು ಎಂದು ಬರೆಯಲು ನನಗೂ ಆಸೆ ಇದೆ, ಆದರೆ ನಿಲ್ಲಲಿಲ್ಲ. ಮುಖ ಕಪ್ಪಿಟ್ಟುಕೊಂಡು ಗೋಣಿಯ ಧೂಳನ್ನು ಸೆರಗಿನಿಂದ ಝಾಡಿಸುತ್ತಾ ಕೂತಿದ್ದಳು. ಪಾರತ್ತೆಯ ಗಂಡ ಮಾತ್ರ ಒಂದು ಸಲ ತಲೆಯೆತ್ತಿ, ಮೊಲ ಹೋದ ದಾರಿಯನ್ನು ನೋಡಿ, ಮತ್ತೆ ಟೋಪಿ ತಿರುಗಿಸಿದ. ಬೀಗತಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅಪ್ಪ ಬಾಗಿಲಲ್ಲಿ ಕೆಮ್ಮಿದ. ಅವನು ಅಜ್ಜಿಯ ಕಡೆ ನೋಡಲೇ ಇಲ್ಲ.

"ಹರ್ಯಾರದ ಗಾಡಿಗೆ ಇನ್ನಾ ಹೊತ್ತೈತ್ರಿ. ಟೇಸನ್ ತನಕ ಬಿಟ್ಟು ಬರ್ತೀನಿ, ಬರ್ರಿ."

ಬೀಗತಿ ಚಹಾ ಕುಡಿಯದೆ ಇಳಿದು ಹೋದಳು. ಹೋಗುವಾಗ ಆ ಹೊಗಳಿದ ನೆಲದ ಮೇಲೆಯೇ ಕಾಲು ಜಾರಿ, ಮಗನ ಭುಜ ಹಿಡಿದು ನಿಂತಳು. ನಾನು ನಕ್ಕೆ, ನಮ್ಮವ್ವ ನನ್ನ ತಲೆಗೆ ಒಂದು ಮೊಟಕಿದಳು, ಮೊಟಕಿ ತಾನೂ ಮುಖ ತಿರುಗಿಸಿಕೊಂಡಳು. ಅಪ್ಪ ಸ್ಟೇಷನ್ನಿನಿಂದ ಬರುವಷ್ಟರಲ್ಲಿ ಅವ್ವ ರೊಟ್ಟಿ ತಟ್ಟಿದಳು, ಬದನೆಕಾಯಿ ಪಲ್ಯ ಮಾಡಿದಳು. ತಟ್ಟೆ ಹಾಕುವ ಹೊತ್ತಿಗೆ ಪಾರತ್ತೆ ಎಲ್ಲರದ್ದೂ ಮುಗಿಯಲಿ ಎಂದು ಕಾಯದೆ ನನ್ನ ಪಕ್ಕದಲ್ಲಿ ಬಂದು ಕೂತಳು. ಅಜ್ಜಿ ಎಲ್ಲರಿಗೂ ಒಂದೊಂದು ರೊಟ್ಟಿ ಎತ್ತಿ ಹಾಕಿದಳು, ಅವಳಿಗೂ ಹಾಕಿದಳು. ಪಾರತ್ತೆ ಅದನ್ನು ನಿಧಾನವಾಗಿ ಉಂಡು ಮುಗಿಸಿದಳು. ಅವಳ ಕೈ ತಟ್ಟೆಯ ಅಂಚಿನಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಆ ಕೈ ನನ್ನ ಮುಂದಿನಿಂದ ಹಾದು, ಅಜ್ಜಿಯ ಮೊಣಕಾಲ ಪಕ್ಕದ ಬುಟ್ಟಿಗೆ ಹೋಗಿ, ಅರಿವೆ ಸರಿಸಿ, ಇನ್ನೊಂದು ರೊಟ್ಟಿ ತೆಗೆದುಕೊಂಡಿತು. ಬಳೆ ಗಲ್ಲೆಂದವು. ಅಜ್ಜಿ ಬಾಯಿ ತೆರೆದು ಏಣಿಯ ಮೂಲೆಗೆ ತಿರುಗಿದಳು. ಮೊರ ಖಾಲಿ ಇತ್ತು, ದೊರೆಸಾನಿ ಹಿತ್ತಲಲ್ಲಿ ಎಲ್ಲೋ ಗರಿಕೆ ಕಡಿಯುತ್ತಿತ್ತು. ಅಜ್ಜಿ ಆ ಖಾಲಿ ಮೊರವನ್ನು ಸುಮಾರು ಹೊತ್ತು ನೋಡಿದಳು. ಪಾರತ್ತೆ ರೊಟ್ಟಿ ಮುರಿದು, ಪಲ್ಯವನ್ನು ತಾನೇ ಬಡಿಸಿಕೊಂಡು, ಹೇಳುವುದಿದ್ದರೆ ನನಗೆ ಹೇಳು ಎನ್ನುವ ಹಾಗೆ ಅವಳ ಮುಖವನ್ನೇ ನೋಡುತ್ತಾ ಅಗಿಯುತ್ತಿದ್ದಳು.